ಕೆಲಸ ಇಲ್ಲದವರ ಭತ್ಯೆ: ಕಾಸರಗೋಡಿನವರಿಗೆ ಯಾವುದು ಸಿಗುತ್ತದೆ, ಯಾವುದು ಸಿಗುವುದಿಲ್ಲ?

ಪ್ರಶ್ನೆ: ಪೈವಳಿಕೆ ವಾಚನಾಲಯ

ನಮ್ಮ ವಾಚನಾಲಯದಲ್ಲಿ ಆದಿತ್ಯವಾರ ಅರ್ಜಿ ತುಂಬಿಸಿ ಕೊಡುವ ಕೆಲಸ ನಡೆಯುತ್ತದೆ. ಈಗ ಹೆಚ್ಚಿನವರು ಕೇಳುವುದು ಒಂದೇ: "ಕೆಲಸ ಇಲ್ಲ, ಸರಕಾರದಿಂದ ಏನಾದರೂ ಸಿಗುತ್ತದಾ?" ಗಡಿಯಲ್ಲಿ ಇರುವವರಾದ ಕಾರಣ ಒಬ್ಬೊಬ್ಬರದ್ದು ಒಂದೊಂದು ಕಡೆಯ ಲೆಕ್ಕ. ಬಲ್ಲವರು ಸರಿಯಾದ ವಿವರ ಕೊಡಬೇಕು, ಯಾರಿಗೂ ಸುಳ್ಳು ಆಸೆ ಹುಟ್ಟಿಸಲಿಕ್ಕೆ ನಮಗೆ ಮನಸ್ಸಿಲ್ಲ.

ಮುಂದೆ ಇರುವ ಪ್ರಕರಣಗಳು ಇವು. ಒಬ್ಬ ಹುಡುಗನಿಗೆ 24 ವರ್ಷ, ಎಸ್‌ಎಸ್‌ಎಲ್‌ಸಿ ಪಾಸು, ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರು ಉಂಟು. ಒಬ್ಬಳು ಹುಡುಗಿ ಹತ್ತನೆಯವರೆಗೆ ಇಲ್ಲೇ ಓದಿ, ಪಿಯುಸಿ ಮತ್ತು ಬಿಕಾಂ ಮಂಗಳೂರಿನಲ್ಲಿ ಮುಗಿಸಿದ್ದಾಳೆ. ಕರ್ನಾಟಕದ ಯುವನಿಧಿ ಸಿಗುತ್ತದಾ ಎಂದು ಕೇಳುತ್ತಿದ್ದಾಳೆ. ಇನ್ನೊಬ್ಬರು ಮಂಗಳೂರು ಕಡೆಯ ಒಂದು ಕಂಪೆನಿಯಲ್ಲಿ ಕಾಂಟ್ರಾಕ್ಟರ್ ಮೂಲಕ ದುಡಿಯುತ್ತಿದ್ದವರು, ಸಂಬಳ 18,000, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಟ್ ಆಗುತ್ತಿತ್ತು, ಜನವರಿಯಿಂದ ಬರುವುದು ಬೇಡ ಎಂದಿದ್ದಾರೆ. ದುಬೈಯಲ್ಲಿ ಕೆಲಸ ಹೋದ ಒಬ್ಬರ ಮನೆಯವರು ಕೇಳಿದ್ದಾರೆ. ಮತ್ತೆ, ತೊಯಿಲುರಪ್ಪು (ಉದ್ಯೋಗ ಖಾತರಿ) ಕೆಲಸ ಕೇಳಿಯೂ ಸಿಗದ ಕೆಲವು ಅಮ್ಮಂದಿರು ಇದ್ದಾರೆ.

ಉತ್ತರ: ಅರ್ಜಿಮೇಜು

ಮೊದಲನೆಯದ್ದು ನಾನು ಹೇಳುತ್ತೇನೆ. ಕೇರಳ ಸರಕಾರದ ನಿರುದ್ಯೋಗ ವೇತನ ತಿಂಗಳಿಗೆ 120 ರೂಪಾಯಿ. ಹೌದು, ನೂರ ಇಪ್ಪತ್ತೇ. ಪೈವಳಿಕೆಯಿಂದ ವಿದ್ಯಾನಗರಕ್ಕೆ ಎರಡು ಸಲ ಬಸ್ಸಿನಲ್ಲಿ ಹೋಗಿ ಬಂದರೆ ಮುಗಿಯುವ ಹಣ. ಇಷ್ಟು ಕಡಿಮೆ ಇಟ್ಟದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಆದರೆ ನಿಯಮ ಮಾತ್ರ ಪೂರ್ತಿ ಉಂಟು, ಹಾಗಾಗಿ ಸರಿಯಾಗಿ ತಿಳಿದುಕೊಳ್ಳಿ.

18 ವರ್ಷ ತುಂಬಿದ ಮೇಲೆ ಎಕ್ಸ್‌ಚೇಂಜಿನಲ್ಲಿ ಮೂರು ವರ್ಷದ ನೋಂದಣಿ ಆಗಿರಬೇಕು. ಆದ್ದರಿಂದ 21ಕ್ಕಿಂತ ಮೊದಲು ಯಾರಿಗೂ ಸಿಗುವುದಿಲ್ಲ, 35ರ ಬಳಿಕವೂ ಇಲ್ಲ. ಅಂಗವಿಕಲರಿಗೆ ಎರಡು ವರ್ಷದ ನೋಂದಣಿ ಸಾಕು. ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು; ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗ ಮತ್ತು ಅಂಗವಿಕಲರು ಪರೀಕ್ಷೆ ಬರೆದಿದ್ದರೆ ಸಾಕಾಗುತ್ತದೆ. ರೆಗ್ಯುಲರ್ ಆಗಿ ಓದುತ್ತಿರುವವರಿಗೆ ಇಲ್ಲ.

ಜನ ಸಿಕ್ಕಿಹಾಕಿಕೊಳ್ಳುವುದು ಆದಾಯದಲ್ಲಿ. ಕುಟುಂಬದ ವರ್ಷದ ಆದಾಯ 12,000 ದಾಟಬಾರದು, ಅರ್ಜಿದಾರರ ಸ್ವಂತ ಆದಾಯ ತಿಂಗಳಿಗೆ 100 ರೂಪಾಯಿ ದಾಟಬಾರದು. ಅಪ್ಪ ತಿಂಗಳಲ್ಲಿ ಎರಡೋ ಮೂರೋ ದಿನ ಅಡಿಕೆ ಕೊಯ್ಲಿಗೆ ಹೋದರೂ ಈ ಗಡಿ ದಾಟಿ ಹೋಗುತ್ತದೆ. ವಿಲ್ಲೇಜ್ ಆಫೀಸಿನ ಆದಾಯ ಪ್ರಮಾಣಪತ್ರದಲ್ಲಿ ಏನು ಬರುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅದನ್ನು ಅಕ್ಷಯ ಕೇಂದ್ರದ (ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಕೇಂದ್ರ) ಮೂಲಕ ಮೊದಲು ತೆಗೆಸಿ ನೋಡಿ, ಮೊತ್ತ 12,000ಕ್ಕಿಂತ ಮೇಲೆ ಬಂದರೆ ಉಳಿದ ಕಾಗದ ಒಟ್ಟು ಮಾಡುವ ಶ್ರಮವೇ ಬೇಡ. ಕಡಿಮೆ ತೋರಿಸಿ ಎಂದು ಬೇಡಿಕೊಳ್ಳುವುದೂ ಬೇಡ, ಅದೇ ಮನೆಯ ರೇಶನ್ ಕಾರ್ಡಿನಲ್ಲಿ ಬೇರೆ ಮೊತ್ತ ಇದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ.

ಅರ್ಜಿ ಕೊಡುವುದು ಎಕ್ಸ್‌ಚೇಂಜಿಗೆ ಅಲ್ಲ, ನೀವು ವಾಸ ಇರುವ ಗ್ರಾಮ ಪಂಚಾಯತು ಅಥವಾ ನಗರಸಭೆಗೆ. ಇದನ್ನು ತಿಳಿಯದೆ ಬಹಳ ಜನ ನೇರ ವಿದ್ಯಾನಗರದ ಜಿಲ್ಲಾ ಎಕ್ಸ್‌ಚೇಂಜಿಗೆ ಹೋಗಿ ವಾಪಸು ಬರುತ್ತಾರೆ. ಎಸ್‌ಎಸ್‌ಎಲ್‌ಸಿ ಪುಸ್ತಕ, ಎಕ್ಸ್‌ಚೇಂಜಿನ ಕಾರ್ಡು, ಕೊನೆಗೆ ಓದಿದ ಶಾಲೆ ಅಥವಾ ಕಾಲೇಜಿನ ಟಿಸಿ, ರೇಶನ್ ಕಾರ್ಡು, ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದುಕೊಂಡು ಹೋಗಿ, ಅಸಲು ಮತ್ತು ಪ್ರತಿ ಎರಡೂ.

ಎಕ್ಸ್‌ಚೇಂಜಿನ ನೋಂದಣಿಯನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಕಾರ್ಡಿನಲ್ಲಿ 03/2026 ಎಂದಿದ್ದರೆ ಮಾರ್ಚ್ ತಿಂಗಳು, ಅದರ ಮೇಲೆ ಎರಡು ತಿಂಗಳ ರಿಯಾಯಿತಿ, ಅಂದರೆ ಮೇ ಕೊನೆಯವರೆಗೆ ಮಾಡಬಹುದು. ಜೂನಿಗೆ ಹೋದರೆ ಸೀನಿಯಾರಿಟಿ ಹೋಯಿತು, ಮೂರು ವರ್ಷದ ಲೆಕ್ಕ ಮತ್ತೆ ಮೊದಲಿನಿಂದ. ಹುಡುಗನ ಕಾರ್ಡಿನಲ್ಲಿ ಆ ತಿಂಗಳನ್ನು ಇವತ್ತೇ ನೋಡಿ. 120 ರೂಪಾಯಿಗಿಂತ ದೊಡ್ಡ ನಷ್ಟ ಅದು. ಎಕ್ಸ್‌ಚೇಂಜಿನ ಮೂಲಕ ಬರುವ ತಾತ್ಕಾಲಿಕ ಕೆಲಸಗಳಿಗೆ ಕರೆಯುವುದು ಸೀನಿಯಾರಿಟಿ ನೋಡಿಯೇ.

ಇನ್ನೊಂದು. ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುವ ಅಥವಾ ಕೌಶಲ ತರಬೇತಿಯಲ್ಲಿ ಇರುವ 18ರಿಂದ 30 ವರ್ಷದವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ "ಕನೆಕ್ಟ್ ಟು ವರ್ಕ್" ಎಂಬ ಯೋಜನೆಯನ್ನು ಕೇರಳ ಸರಕಾರ 2025ರ ಅಕ್ಟೋಬರಿನಲ್ಲಿ ಘೋಷಿಸಿತು. ಅದಕ್ಕೂ ಆದಾಯ ಮಿತಿ ಉಂಟು. ನಿಮ್ಮ ಹುಡುಗ ಪಿಎಸ್‌ಸಿಗೆ ಓದುವವನಾದರೆ, ಪ್ಲಸ್ ಟು ಆಗಿದ್ದರೆ, ನೋಡಬೇಕಾದ್ದು ಇದನ್ನು. ಬರೇ ಎಸ್‌ಎಸ್‌ಎಲ್‌ಸಿಯಾದರೆ ಹಳೆಯ ವೇತನವೇ ದಾರಿ.

ಉತ್ತರ: ತಲಪಾಡಿ ಆಚೆ

ಯುವನಿಧಿ ವಿಷಯ. ಪದವಿ ಆದವರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. 2023ರ ಡಿಸೆಂಬರ್ 26ಕ್ಕೆ ನೋಂದಣಿ ಆರಂಭವಾಯಿತು, ಮೊದಲ ಕಂತು 2024ರ ಜನವರಿ 12ಕ್ಕೆ ಶಿವಮೊಗ್ಗದಲ್ಲಿ ಬಿಡುಗಡೆಯಾಯಿತು. ಮೊದಲು 2022–23ರಲ್ಲಿ ಪಾಸಾದವರಿಗೆ ಮಾತ್ರ ಇತ್ತು, ಬಳಿಕದವರಿಗೂ ವಿಸ್ತರಿಸಿದರು. ಪಾಸಾದ ಮೇಲೆ 180 ದಿನ ಕೆಲಸ ಸಿಗದೆ ಇದ್ದಿರಬೇಕು.

ಕಾಸರಗೋಡಿನ ಮಕ್ಕಳಿಗೆ ಪೆಟ್ಟು ಬೀಳುವುದು ವಾಸದ ನಿಯಮದಲ್ಲಿ. ಪದವಿ ಅಥವಾ ಡಿಪ್ಲೊಮಾ ಮುಗಿಯುವವರೆಗಿನ ಓದಿನಲ್ಲಿ ಕನಿಷ್ಠ ಆರು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಈಗ ಎಣಿಸಿ: ಹತ್ತನೆಯವರೆಗೆ ಪೈವಳಿಕೆ, ಪಿಯುಸಿ 2 ವರ್ಷ, ಬಿಕಾಂ 3 ವರ್ಷ, ಒಟ್ಟು 5. ಒಂದು ವರ್ಷ ಕಡಿಮೆ. ಆ ಹುಡುಗಿಗೆ ಸಿಗುವುದಿಲ್ಲ, ಬೇಸರದ ಮಾತಾದರೂ ನೇರ ಹೇಳಿಬಿಡಿ. ಅವಳ ಪಕ್ಕದಲ್ಲೇ ಕೂತು ಪಿಯುಸಿ ಓದಿ, ಬಿಕಾಂ ಬದಲು ನಾಲ್ಕು ವರ್ಷದ ಇಂಜಿನಿಯರಿಂಗ್ ಮಾಡಿದವಳಿಗೆ 2+4=6 ಆಗಿ ಸಿಗುತ್ತದೆ. ಎಂಟನೆಯಿಂದಲೇ ವಿಟ್ಲವೋ ಪುತ್ತೂರೋ ಹಾಸ್ಟೆಲಿನಲ್ಲಿ ಇದ್ದವರಿಗೆ ಲೆಕ್ಕ ಸುಲಭವಾಗಿ ತುಂಬುತ್ತದೆ. ಹತ್ತು ಇಲ್ಲಿ ಮುಗಿಸಿ ಮಂಗಳೂರಿನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿದವರಿಗೆ ತುಂಬುವುದಿಲ್ಲ. ಪದವಿಯ ಮೇಲಿನ ಎಂಕಾಂ ವರ್ಷಗಳನ್ನು ಸೇರಿಸಿ ಆರು ಮಾಡಲಿಕ್ಕೂ ಆಗುವುದಿಲ್ಲ.

ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಬೇರೆಯೇ ಕಲಂ ಇರುವುದರಿಂದ ಇಲ್ಲಿಯೂ ಇದ್ದೀತು ಎಂದು ಜನ ಅಂದುಕೊಳ್ಳುತ್ತಾರೆ. ಅದು ಸೀಟಿಗೆ, ಇದು ಭತ್ಯೆಗೆ. ಒಂದರ ಅರ್ಹತೆ ಇನ್ನೊಂದಕ್ಕೆ ಬರುವುದಿಲ್ಲ.

ಆರು ವರ್ಷ ತುಂಬಿದವರು ಸೇವಾಸಿಂಧು ಪೋರ್ಟಲಿನಲ್ಲಿ ಆಧಾರ್ ಒಟಿಪಿ ಮೂಲಕ ಅರ್ಜಿ ಹಾಕಬೇಕು. ಕಾಲೇಜಿನ ಅಂಕಪಟ್ಟಿ ಡಿಜಿಟಲ್ ದಾಖಲೆಯಲ್ಲಿ ಏರಿಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ, ಆಗ ಮೊದಲು ವಿಶ್ವವಿದ್ಯಾಲಯವನ್ನು ಹಿಡಿಯಬೇಕು. ನಮ್ಮವರಿಗೆ ಇನ್ನೊಂದು ತೊಂದರೆ ಹೆಸರಿನದ್ದು. ಕೇರಳದ ಎಸ್‌ಎಸ್‌ಎಲ್‌ಸಿಯಲ್ಲಿ ಮನೆ ಹೆಸರಿನ ಇನಿಶಿಯಲ್ ಮುಂದೆ ಬಂದಿರುತ್ತದೆ, ಆಧಾರಿನಲ್ಲಿ ಅಪ್ಪನ ಹೆಸರು ಹಿಂದೆ, ಪದವಿ ಅಂಕಪಟ್ಟಿಯಲ್ಲಿ ಎರಡೂ ಇಲ್ಲ. ಮೂರೂ ಹೊಂದದೆ ಹೋದರೆ ತಿರಸ್ಕಾರ. ಆಧಾರನ್ನು ಅಂಕಪಟ್ಟಿಗೆ ಸರಿಯಾಗಿ ತಿದ್ದಿಸುವುದು ಸುಲಭ, ಅಂಕಪಟ್ಟಿಯನ್ನು ತಿದ್ದಿಸುವುದು ಕಷ್ಟ. ಹಣ ಬರುವುದು ಆಧಾರ್ ಜೋಡಣೆ ಆದ ಖಾತೆಗೆ ಮಾತ್ರ.

ಮಂಜೂರಾದ ಮೇಲೆ ಕಾಲಕಾಲಕ್ಕೆ "ನನಗೆ ಕೆಲಸ ಇಲ್ಲ, ಓದುತ್ತಿಲ್ಲ" ಎಂಬ ಸ್ವಯಂ ಘೋಷಣೆ ಪೋರ್ಟಲಿನಲ್ಲಿ ಕೊಡುತ್ತಾ ಇರಬೇಕು. ಅದನ್ನು ಬಿಟ್ಟರೆ ಹಣ ನಿಲ್ಲುತ್ತದೆ. ಬಿಎಡ್‌ಗೋ ಎಂಎಗೋ ಸೇರಿದರೆ, ಅಪ್ರೆಂಟಿಸ್ ಭತ್ಯೆ ಪಡೆದರೆ, ಸರಕಾರಿ ಸಾಲದಿಂದ ಸ್ವಂತ ಉದ್ಯೋಗ ಹಿಡಿದರೆ ಅರ್ಹತೆ ಮುಗಿಯಿತು.

ದಯವಿಟ್ಟು ಒಂದು ಕೆಲಸ ಮಾಡಬೇಡಿ: ಮಂಗಳೂರಿನ ಮಾವನ ರೇಶನ್ ಕಾರ್ಡಿಗೆ ಹುಡುಗಿಯ ಹೆಸರು ಸೇರಿಸಿ ವಾಸ ತೋರಿಸುವ ಉಪಾಯ. ಒಂದೇ ಆಧಾರ್ ಎರಡು ರಾಜ್ಯದ ಕಾರ್ಡಿನಲ್ಲಿ ಇರುವಂತಿಲ್ಲ. ಅಲ್ಲಿ ಸೇರಿಸಲಿಕ್ಕೆ ಇಲ್ಲಿ ತೆಗೆಸಬೇಕು, ತೆಗೆಸಿದರೆ ಇಲ್ಲಿನ ಕಾರ್ಡಿನಿಂದ ಸಿಗುವ ಎಲ್ಲವೂ ಅವಳ ಪಾಲಿಗೆ ಹೋಗುತ್ತದೆ. ಆ ಹುಡುಗಿಗೆ ನನ್ನ ಸಲಹೆ, ಇಲ್ಲಿಯ ಎಕ್ಸ್‌ಚೇಂಜಿನಲ್ಲಿ ಬಿಕಾಂ ಸೇರಿಸಿ ನೋಂದಣಿ ಮಾಡಿಸಲಿ, ಮೇಲೆ ಹೇಳಿದ 1,000 ರೂಪಾಯಿಯ ಯೋಜನೆಯನ್ನು ನೋಡಲಿ.

ಉತ್ತರ: ಕಾರ್ಮಿಕ ಲೆಕ್ಕ

ಮೂರನೆಯ ಪ್ರಕರಣದಲ್ಲಿ ನಿಜವಾಗಿ ದೊಡ್ಡ ಹಣ ಇದೆ, ಮತ್ತು ಅದೇ ಹೆಚ್ಚಾಗಿ ಕೈತಪ್ಪಿ ಹೋಗುವುದು. ಇಎಸ್‌ಐ ಎಂದರೆ ಆಸ್ಪತ್ರೆ ಮಾತ್ರ ಎಂದು ಜನ ತಿಳಿದಿದ್ದಾರೆ. ಕೆಲಸ ಹೋದವರಿಗೆ ಅದರಲ್ಲಿ ಎರಡು ಯೋಜನೆಗಳಿವೆ.

ಒಂದು, 2005ರ ಏಪ್ರಿಲ್ 1ರಿಂದ ಇರುವ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ. ಕಾರ್ಖಾನೆ ಮುಚ್ಚಿದರೆ, ಕಾನೂನು ಪ್ರಕಾರ ರಿಟ್ರೆಂಚ್ ಮಾಡಿದರೆ (ಧಣಿಯೇ ಕೆಲಸಗಾರರನ್ನು ಕಡಿಮೆ ಮಾಡಿದರೆ), ಅಥವಾ ಕೆಲಸಕ್ಕೆ ಸಂಬಂಧವಿಲ್ಲದ ಪೆಟ್ಟಿನಿಂದ ಶೇ. 40ಕ್ಕೆ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯ ಬಂದರೆ ಸಿಗುತ್ತದೆ. ಕನಿಷ್ಠ ಎರಡು ವರ್ಷದ ವಂತಿಗೆ ಬೇಕು. ಮೊದಲ 12 ತಿಂಗಳು ಸಂಬಳದ ಶೇ. 50, ಮತ್ತಿನ 12 ತಿಂಗಳು ಶೇ. 25. ಕಾಂಟ್ರಾಕ್ಟ್ ಅವಧಿ ಮುಗಿದು ನವೀಕರಿಸದೆ ಬಿಟ್ಟದ್ದು ಕಾನೂನಿನ ಅರ್ಥದಲ್ಲಿ ರಿಟ್ರೆಂಚ್‌ಮೆಂಟ್ ಅಲ್ಲ. ಹಾಗಾಗಿ ನಿಮ್ಮವರ ನೇಮಕ ಪತ್ರದಲ್ಲಿ ಅವಧಿ ಬರೆದಿದೆಯಾ ನೋಡಿ. ಬರೆದಿದ್ದರೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆ.

ಎರಡನೆಯದು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. 2018ರ ಜುಲೈ 1ರಿಂದ ಬಂತು, ಅವಧಿ ಮುಗಿದಂತೆ ವಿಸ್ತರಿಸುತ್ತಾ ಬಂದಿದ್ದಾರೆ. ಅರ್ಜಿ ಹಾಕುವ ಮೊದಲು ಈಗಿನ ವಿಸ್ತರಣೆ ಯಾವ ದಿನಾಂಕದವರೆಗೆ ಎಂದು ಬ್ರಾಂಚ್ ಆಫೀಸಿನಲ್ಲಿ ಕೇಳಿಕೊಳ್ಳಿ. ಜೀವಮಾನದಲ್ಲಿ 90 ದಿನಕ್ಕೆ ಮಾತ್ರ ಸಿಗುವ ಪರಿಹಾರ ಇದು. ಮೊದಲು ದಿನದ ಸಂಬಳದ ಶೇ. 25 ಇತ್ತು, 2020ರ ಮಾರ್ಚ್ 24ರಿಂದ ಶೇ. 50 ಮಾಡಿದರು. ಕೆಲಸ ಹೋಗಿ 90 ದಿನ ಕಾಯಬೇಕಿದ್ದದ್ದು 30 ದಿನಕ್ಕೆ ಇಳಿಯಿತು. ಹಳೆಯ ಧಣಿಯ ಸಹಿ ಮೂಲಕವೇ ಅರ್ಜಿ ಹೋಗಬೇಕೆಂಬ ಕಟ್ಟೂ ಹೋಯಿತು, ಕಾರ್ಮಿಕ ನೇರ ಹಾಕಬಹುದು.

ಅರ್ಹತೆ ಹೀಗೆ. ಕೆಲಸ ಹೋಗುವ ಮೊದಲು ಕನಿಷ್ಠ ಎರಡು ವರ್ಷ ಇಎಸ್‌ಐ ಇರುವ ಕೆಲಸದಲ್ಲಿ ಇದ್ದಿರಬೇಕು. ಇಎಸ್‌ಐಯಲ್ಲಿ ವರ್ಷವನ್ನು ಎರಡು ವಂತಿಗೆ ಅವಧಿ ಮಾಡಿದ್ದಾರೆ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. 2026ರ ಜನವರಿಯಲ್ಲಿ ಕೆಲಸ ಹೋದವರಿಗೆ 2025ರ ಏಪ್ರಿಲ್–ಸೆಪ್ಟೆಂಬರಿನಲ್ಲಿ ಕನಿಷ್ಠ 78 ದಿನದ ವಂತಿಗೆ ಇರಬೇಕು. ಅದರ ಹಿಂದಿನ ಮೂರು ಅವಧಿಗಳಲ್ಲಿ, ಅಂದರೆ 2023ರ ಅಕ್ಟೋಬರಿನಿಂದ 2025ರ ಮಾರ್ಚ್‌ವರೆಗೆ, ಯಾವುದಾದರೂ ಒಂದರಲ್ಲಿ ಇನ್ನೊಂದು 78 ದಿನ.

ಮೊತ್ತ ಎಣಿಸುವ ಕ್ರಮ: ನಾಲ್ಕು ಅವಧಿಗಳ ಒಟ್ಟು ಸಂಬಳವನ್ನು 730ರಿಂದ ಭಾಗಿಸಿ, ಅದರ ಅರ್ಧ. 18,000ದಂತೆ 24 ತಿಂಗಳು ತುಂಬಿದ್ದರೆ ಒಟ್ಟು 4,32,000. ಭಾಗಿಸಿದರೆ 591 ರೂಪಾಯಿ 78 ಪೈಸೆ, ಅರ್ಧ 295.89, 90 ದಿನಕ್ಕೆ ಸುಮಾರು 26,630. ನಡುವೆ ಆರು ತಿಂಗಳು ವಂತಿಗೆ ಕಟ್ಟದೆ ಬಿಟ್ಟಿದ್ದರೂ ಭಾಜಕ 730 ಆಗಿಯೇ ಉಳಿಯುತ್ತದೆ. 3,24,000 ಆದರೆ ಕೈಗೆ ಬರುವುದು ಸುಮಾರು 19,970. ಕಾಂಟ್ರಾಕ್ಟರ್ ಒಂದೊಂದು ತಿಂಗಳು ಕಟ್ಟದೆ ಬಿಡುವುದರ ಪರಿಣಾಮ ಇಷ್ಟು. ಕಾರ್ಮಿಕನ ಸಂಬಳದಿಂದ ಹಿಡಿಯುವುದು ಶೇ. 0.75, ಧಣಿ ಕಟ್ಟಬೇಕಾದ್ದು ಶೇ. 3.25. 18,000ಕ್ಕೆ 135 ರೂಪಾಯಿ ಕಟ್ ಆಗಿರಬೇಕು, ಸಂಬಳ ಚೀಟಿಯಲ್ಲಿ ಆ ಸಂಖ್ಯೆ ಇದೆಯಾ ನೋಡಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಧಣಿ ತಿಂಗಳ ವಂತಿಗೆ ಪಟ್ಟಿಯನ್ನು ಇಎಸ್‌ಐ ಪೋರ್ಟಲಿಗೆ ಏರಿಸುವಾಗ, ಸೊನ್ನೆ ದಿನ ಇರುವ ಹೆಸರಿನ ಎದುರು ಒಂದು ಕಾರಣ ಸಂಖ್ಯೆ ಹಾಕಬೇಕು. 2 ಎಂದರೆ ಕೆಲಸ ಬಿಟ್ಟಿದ್ದಾರೆ, 10 ಎಂದರೆ ರಿಟ್ರೆಂಚ್‌ಮೆಂಟ್, 11 ಎಂದರೆ ಕೆಲಸ ಇಲ್ಲ. ಆಫೀಸಿನ ಹುಡುಗರು ಅಭ್ಯಾಸಬಲದಿಂದ ಎಲ್ಲರಿಗೂ 2 ಒತ್ತಿಬಿಡುತ್ತಾರೆ. ಆ ಒಂದು ಅಂಕೆಯಿಂದ, ಹೊರಗೆ ಹಾಕಲ್ಪಟ್ಟವನು ದಾಖಲೆಯಲ್ಲಿ ತಾನಾಗಿ ಬಿಟ್ಟುಹೋದವನಾಗುತ್ತಾನೆ. ತಾನಾಗಿ ಬಿಟ್ಟವರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ, ಶಿಸ್ತುಕ್ರಮದಲ್ಲಿ ತೆಗೆದವರಿಗೆ, ವಯಸ್ಸಾಗಿ ನಿವೃತ್ತರಾದವರಿಗೆ, ಲಾಕೌಟ್ ಕಾಲಕ್ಕೆ, ಅಕ್ರಮವೆಂದು ಘೋಷಿಸಿದ ಮುಷ್ಕರಕ್ಕೆ ಈ ಪರಿಹಾರ ಇಲ್ಲ. ಜನವರಿಯ ಪಟ್ಟಿ ಏರಿಸುವ ಮೊದಲೇ ಕಾಂಟ್ರಾಕ್ಟರಿಗೆ ಲಿಖಿತವಾಗಿ, ಮೆಸೇಜಾದರೂ ಸಾಕು, ನಿಜವಾದ ಕಾರಣ ನಮೂದಿಸಿ ಎಂದು ಕೇಳಬೇಕು.

ಉತ್ತರ: ಪೈವಳಿಕೆ ವಾಚನಾಲಯ

ತುಂಬಾ ಉಪಕಾರ ಅಣ್ಣ. ಇವರ ವಿಷಯದಲ್ಲಿ ಎರಡು ಸಂಶಯ. 2024ರಲ್ಲಿ ಕಾಂಟ್ರಾಕ್ಟರ್ ಬದಲಾಗಿದ್ದಾರೆ, ಆಗ ಹೊಸ ಇಎಸ್‌ಐ ನಂಬರು ಕೊಟ್ಟಿದ್ದಾರಂತೆ. ಮತ್ತೆ, ಬಾಕಿ ಸಂಬಳ ಕೊಡುವಾಗ ಒಂದು ಟೈಪ್ ಮಾಡಿದ ಕಾಗದಕ್ಕೆ ಸಹಿ ಹಾಕಿ ಎಂದಿದ್ದಾರೆ, ಇವರು ಇನ್ನೂ ಹಾಕಿಲ್ಲ. ವಾಸ ಇಲ್ಲಿ, ಕೆಲಸ ಅಲ್ಲಿ. ಅರ್ಜಿ ಯಾವ ಕಡೆ?

ಉತ್ತರ: ಕಾರ್ಮಿಕ ಲೆಕ್ಕ

ಸಹಿ ಹಾಕದೆ ಇದ್ದದ್ದು ಒಳ್ಳೆಯದಾಯಿತು. ಆ ಕಾಗದವನ್ನು ಪೂರ್ತಿ ಓದಲಿಕ್ಕೆ ಹೇಳಿ. "ವೈಯಕ್ತಿಕ ಕಾರಣದಿಂದ ರಾಜೀನಾಮೆ ಕೊಡುತ್ತಿದ್ದೇನೆ" ಎಂಬ ಸಾಲು ಇದ್ದರೆ ಸಹಿ ಹಾಕಬಾರದು. ಸಂಬಳ ಸಿಕ್ಕಿದ್ದಕ್ಕೆ ಬೇರೆ ರಶೀದಿ ಬರೆದುಕೊಡಲಿ, ಮೊತ್ತ ಮತ್ತು ಯಾವ ತಿಂಗಳಿನದ್ದು ಎಂಬುದಷ್ಟೇ ಅದರಲ್ಲಿರಲಿ. ಖಾಲಿ ಕಾಗದಕ್ಕಂತೂ ಸಹಿ ಬೇಡವೇ ಬೇಡ.

ಇಎಸ್‌ಐ ನಂಬರು ಹತ್ತು ಅಂಕೆಯದ್ದು, ಒಬ್ಬರಿಗೆ ಜೀವಮಾನಕ್ಕೆ ಒಂದೇ ಇರಬೇಕು. ಹೊಸ ಕಾಂಟ್ರಾಕ್ಟರ್ ಹಳೆಯದನ್ನು ಕೇಳದೆ ಹೊಸ ನಂಬರು ಮಾಡಿಸಿದರೆ ವಂತಿಗೆ ಎರಡು ತುಂಡಾಗುತ್ತದೆ, ಎರಡು ವರ್ಷದ ಲೆಕ್ಕ ಯಾವುದರಲ್ಲೂ ತುಂಬುವುದಿಲ್ಲ. ಎರಡೂ ನಂಬರು, ಆಧಾರ್, ಎರಡೂ ಕಾಂಟ್ರಾಕ್ಟರ್ ಕಾಲದ ಸಂಬಳ ಚೀಟಿ ಹಿಡಿದು ಬ್ರಾಂಚ್ ಆಫೀಸಿಗೆ ಹೋಗಿ, ಎರಡನ್ನೂ ಒಂದು ಮಾಡಿಕೊಡಿ ಎಂದು ಬರೆದು ಕೊಡಬೇಕು. ಅದು ಆದ ಮೇಲೆಯೇ ಭತ್ಯೆಯ ಅರ್ಜಿ ಹಾಕುವುದು. ಕ್ರಮ ತಪ್ಪಿಸಿದರೆ ಅರ್ಜಿ ಬಿದ್ದುಹೋಗುತ್ತದೆ.

ಅದಕ್ಕೂ ಮೊದಲು ಎರಡೂ ನಂಬರಿನಿಂದ ಪೋರ್ಟಲಿಗೆ ಲಾಗಿನ್ ಆಗಿ ವಂತಿಗೆ ವಿವರ ತೆರೆಯಿರಿ. ತಿಂಗಳಿಗೆ ಎಷ್ಟು ದಿನ, ಎಷ್ಟು ಸಂಬಳ ಎಂದು ಸಾಲಾಗಿ ಬರುತ್ತದೆ. ಅದನ್ನು ಪ್ರಿಂಟ್ ತೆಗೆದು ಸಂಬಳ ಚೀಟಿಯ ಪಕ್ಕದಲ್ಲಿಟ್ಟು ತಿಂಗಳು ತಿಂಗಳು ಹೋಲಿಸಿ. ಚೀಟಿಯಲ್ಲಿ 135 ಕಟ್ ಆಗಿದೆ, ಪೋರ್ಟಲಿನಲ್ಲಿ ಆ ತಿಂಗಳು ಇಲ್ಲ ಎಂದಾದರೆ ಕಾಂಟ್ರಾಕ್ಟರ್ ಹಿಡಿದ ಹಣ ಕಟ್ಟಿಲ್ಲ. ಆಗ ಕೈಚೆಲ್ಲಬೇಡಿ. ಕಾಂಟ್ರಾಕ್ಟರ್ ಕಟ್ಟದಿದ್ದರೆ ಮೂಲ ಕಂಪೆನಿಯೇ ಕಟ್ಟಬೇಕಾದ ಹೊಣೆ ಕಾನೂನಿನಲ್ಲಿದೆ. ದೂರಿನಲ್ಲಿ ಕಾಂಟ್ರಾಕ್ಟರ್ ಹೆಸರಿನ ಜೊತೆ ಕಂಪೆನಿಯ ಹೆಸರನ್ನೂ ಬರೆಯಿರಿ, ಗೇಟ್ ಪಾಸಿನ ಪ್ರತಿ ಇದ್ದರೆ ಸೇರಿಸಿ. ಗೇಟ್ ಪಾಸನ್ನು ಕೊನೆಯ ದಿನ ಹಿಂದೆ ಕೊಡುವ ಮೊದಲು ಮೊಬೈಲಿನಲ್ಲಿ ಎರಡೂ ಬದಿ ಫೋಟೊ ತೆಗೆದಿಟ್ಟರೆ ಸಾಕು.

ಯಾವ ಕಡೆ ಎಂಬುದಕ್ಕೆ: ಇಎಸ್‌ಐ ಕೇಂದ್ರದ ಸಂಸ್ಥೆ, ವಾಸದ ರಾಜ್ಯ ಅಡ್ಡ ಬರುವುದಿಲ್ಲ. ಪೈವಳಿಕೆಯಲ್ಲಿ ಮನೆ ಇದ್ದರೂ ಅರ್ಹತೆಗೆ ಏನೂ ಕೊರತೆ ಇಲ್ಲ. ಅರ್ಜಿ ಪೋರ್ಟಲಿನಲ್ಲಿಯೇ ಹಾಕುವುದು, ಪರಿಶೀಲಿಸುವುದು ಅವರ ನಂಬರು ಸೇರಿರುವ ಬ್ರಾಂಚ್ ಆಫೀಸು. ಕೆಲಸ ಹೋದ ದಿನದಿಂದ 30 ದಿನ ಕಳೆದ ಮೇಲೆ ಹಾಕಿ, ಒಂದು ವರ್ಷ ದಾಟಲಿಕ್ಕೆ ಬಿಡಬೇಡಿ. ಬ್ಯಾಂಕ್ ಖಾತೆ, ಆಧಾರ್, ಇಎಸ್‌ಐ ದಾಖಲೆ ಮೂರರಲ್ಲೂ ಹೆಸರು ಮತ್ತು ಜನ್ಮದಿನ ಒಂದೇ ಇರಬೇಕು. 90 ದಿನದ ಒಳಗೆ ಬೇರೆ ಕೆಲಸ ಸಿಕ್ಕಿದರೆ ಕೆಲಸ ಇಲ್ಲದ ದಿನಗಳಿಗೆ ಮಾತ್ರ ಕೇಳಿ. ಹೊಸ ಕಂಪೆನಿ ವಂತಿಗೆ ಕಟ್ಟಿದ ಕೂಡಲೇ ಅದೇ ಪೋರ್ಟಲಿನಲ್ಲಿ ಕಾಣುತ್ತದೆ.

ಆಸ್ಪತ್ರೆಯ ಸೌಲಭ್ಯ ಕೆಲಸದ ಜೊತೆಗೇ ಮುಗಿಯುವುದಿಲ್ಲ. ಏಪ್ರಿಲ್–ಸೆಪ್ಟೆಂಬರ್ ವಂತಿಗೆಗೆ ಜನವರಿಯಿಂದ ಜೂನ್‌ವರೆಗೆ ಪ್ರಯೋಜನದ ಅವಧಿ ಇರುತ್ತದೆ. ಮನೆಯಲ್ಲಿ ಯಾರಿಗಾದರೂ ಚಿಕಿತ್ಸೆ ಬಾಕಿ ಇದ್ದರೆ ಜೂನಿನ ಒಳಗೆ ಮಾಡಿಸಿಕೊಳ್ಳಲಿ.

ಸಂಬಳ ತಿಂಗಳಿಗೆ 21,000 ದಾಟಿದವರು ಇಎಸ್‌ಐಯಿಂದಲೇ ಹೊರಗೆ. ಅವರಿಗೆ ಈ ಎರಡೂ ಇಲ್ಲ. ಪಿಎಫ್ ಇದ್ದರೆ ಅದನ್ನು ತೆಗೆಯಬಹುದು, ಆದರೆ ಅದು ಅವರದ್ದೇ ಉಳಿತಾಯ, ಭತ್ಯೆ ಎಂದು ಲೆಕ್ಕ ಹಾಕಬೇಡಿ.

ಉತ್ತರ: ದೇರಾ ಕಡೆಯಿಂದ

ಯುಎಇ ಪ್ರಕರಣದವರು ಇನ್ನೂ ದುಬೈಯಲ್ಲೇ ಇದ್ದಾರಾ, ಊರಿಗೆ ಬಂದಾಯಿತಾ? ಅದರ ಮೇಲೆ ಎಲ್ಲಾ ಇದೆ. ಅಲ್ಲಿದ್ದರೆ ಈಗಲೇ ಫೋನ್ ಮಾಡಿ, ಟಿಕೆಟ್ ತೆಗೆಯುವ ಮೊದಲು ಅರ್ಜಿ ಹಾಕಲಿಕ್ಕೆ ಹೇಳಿ.

2023ರ ಜನವರಿ 1ರಿಂದ ಅಲ್ಲಿ ಕೆಲಸ ಹೋದವರ ವಿಮೆ ಕಡ್ಡಾಯ. ಮೂಲ ಸಂಬಳ 16,000 ದಿರ್ಹಮ್‌ವರೆಗೆ ಇರುವವರಿಗೆ ಕಂತು ತಿಂಗಳಿಗೆ 5 ದಿರ್ಹಮ್, ಅದರ ಮೇಲಿನವರಿಗೆ 10, ತೆರಿಗೆ ಬೇರೆ. ವಿಮೆ ಮಾಡಿಸದವರಿಗೆ 400 ದಿರ್ಹಮ್ ದಂಡ. ಈ ಕಂತು ಕಟ್ಟುವ ಜವಾಬ್ದಾರಿ ಕಾರ್ಮಿಕನದ್ದೇ, ಕಂಪೆನಿ ಕಟ್ಟಿದ್ದೀತು ಎಂದು ಕೂತವರು ಬಹಳ.

ಕನಿಷ್ಠ 12 ತಿಂಗಳು ಎಡೆಬಿಡದೆ ಕಂತು ಕಟ್ಟಿರಬೇಕು. ಕಂಪೆನಿಯೇ ತೆಗೆದಿರಬೇಕು, ರಾಜೀನಾಮೆ ಕೊಟ್ಟರೆ ಇಲ್ಲ, ಶಿಸ್ತುಕ್ರಮದಲ್ಲಿ ತೆಗೆದರೂ ಇಲ್ಲ. ಓಡಿಹೋದ ದೂರು ಮೇಲೆ ಇರಬಾರದು. ಕೆಲಸ ಹೋದ ದಿನದಿಂದ 30 ದಿನದ ಒಳಗೆ ಕ್ಲೇಮ್ ಹಾಕಬೇಕು. ಲೇಬರ್ ಕೇಸು ನಡೆಯುತ್ತಿದ್ದರೆ ಅದು ಇತ್ಯರ್ಥವಾದ ದಿನದಿಂದ 30. ಕಾನೂನುಬದ್ಧವಾಗಿ ಆ ದೇಶದೊಳಗೆ ಇರಬೇಕು. ಊರಿಗೆ ಬಂದು ಕೂತು ಇಲ್ಲಿಂದ ಪಡೆಯಲಿಕ್ಕೆ ಆಗುವುದಿಲ್ಲ.

ಸಿಗುವುದು ಕೊನೆಯ ಆರು ತಿಂಗಳ ಸರಾಸರಿ ಮೂಲ ಸಂಬಳದ ಶೇ. 60, ಒಂದು ಕ್ಲೇಮಿಗೆ ಹೆಚ್ಚೆಂದರೆ ಮೂರು ತಿಂಗಳು. ಮೂಲ ಸಂಬಳ ಎಂದೆ, ಕೈಗೆ ಬರುವ ಪೂರ್ತಿ ಸಂಬಳ ಅಲ್ಲ. ನಮ್ಮೂರಿನ ಹುಡುಗರ ಕಾಂಟ್ರಾಕ್ಟಿನಲ್ಲಿ ಒಟ್ಟು 3,500 ಇದ್ದರೂ ಮೂಲ 2,000 ಎಂದು ಬರೆದಿರುವುದು ಸಾಮಾನ್ಯ, ಉಳಿದದ್ದು ವಸತಿ, ಸಾರಿಗೆ. ಆಗ ಸಿಗುವುದು ತಿಂಗಳಿಗೆ 1,200, ಮೂರು ತಿಂಗಳಿಗೆ 3,600 ದಿರ್ಹಮ್. ನಡುವೆ ಹೊಸ ಕೆಲಸ ಸೇರಿದರೆ ನಿಲ್ಲುತ್ತದೆ.

ಮನೆ ಡ್ರೈವರ್, ಮನೆಕೆಲಸದ ವೀಸಾದವರಿಗೆ ಈ ವಿಮೆ ಅನ್ವಯ ಇಲ್ಲ. ವೀಸಾದಲ್ಲಿ ಏನು ಬರೆದಿದೆ ಎಂದು ನೋಡಿ, ಕಂಪೆನಿಯ ಗಾಡಿ ಓಡಿಸಿದರೂ ವೀಸಾ ಮನೆಯದ್ದಾದರೆ ಅಷ್ಟೇ. ಸೌದಿಯಲ್ಲೂ ಇಂಥದ್ದೊಂದು ಉಂಟು ಎಂದು ವಾಟ್ಸಾಪಿನಲ್ಲಿ ಬರುತ್ತದೆ. ಅಲ್ಲಿಯ ಸಾನಿದ್ ಯೋಜನೆ ಸೌದಿ ಪ್ರಜೆಗಳಿಗೆ ಮಾತ್ರ.

ಬಂದಾಗಿದ್ದರೆ ಭತ್ಯೆ ಎಂಬುದಿಲ್ಲ. ಎರಡು ವರ್ಷ ಹೊರದೇಶದಲ್ಲಿ ದುಡಿದು ಮರಳಿದವರಿಗೆ ನೋರ್ಕಾದ (ಹೊರನಾಡಿನ ಕೇರಳೀಯರಿಗಾಗಿ ಇರುವ ಕೇರಳ ಸರಕಾರದ ಸಂಸ್ಥೆ) ಮೂಲಕ ಸ್ವಂತ ಉದ್ಯೋಗದ ಸಾಲ ಉಂಟು, 30 ಲಕ್ಷದವರೆಗಿನ ಯೋಜನೆಗೆ ಶೇ. 15 ಸಬ್ಸಿಡಿ, ಹೆಚ್ಚೆಂದರೆ 3 ಲಕ್ಷ. ಆದರೆ ಸಾಲ ಸಾಲವೇ. ಕೆಲಸ ಹೋದ ಗಾಬರಿಯಲ್ಲಿ ಇರುವವರನ್ನು ಮೊದಲ ತಿಂಗಳಲ್ಲೇ ಸಾಲಕ್ಕೆ ದೂಡಬೇಡಿ.

ಉತ್ತರ: ಕುಂಬಳೆ ವಾರ್ಡ್

ತೊಯಿಲುರಪ್ಪು ಅಮ್ಮಂದಿರ ವಿಷಯ ಯಾರೂ ಮುಟ್ಟಲಿಲ್ಲ. 2005ರ ಉದ್ಯೋಗ ಖಾತರಿ ಕಾನೂನಿನಲ್ಲಿ ನಿರುದ್ಯೋಗ ಭತ್ಯೆ ಸ್ಪಷ್ಟವಾಗಿ ಇದೆ: ಕೆಲಸ ಕೇಳಿ 15 ದಿನದೊಳಗೆ ಕೊಡದಿದ್ದರೆ ಮೊದಲ 30 ದಿನಕ್ಕೆ ಕೂಲಿಯ ಕಾಲು ಭಾಗಕ್ಕೆ ಕಡಿಮೆಯಿಲ್ಲದೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದೆ ಕೊಡಬೇಕು. ಕೇರಳದ 2025–26ರ ಕೂಲಿ 369 ರೂಪಾಯಿ, ಕಾಲು ಭಾಗ ದಿನಕ್ಕೆ 92 ಚಿಲ್ಲರೆ. ಎರಡು ದಿನದ ಭತ್ಯೆ ಮೇಲೆ ಹೇಳಿದ ತಿಂಗಳ 120ಕ್ಕಿಂತ ಹೆಚ್ಚು.

ಆದರೂ ಇದು ಯಾಕೆ ಸಿಗುವುದಿಲ್ಲ? ಕೆಲಸ ಕೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. "ಮೇಟ್ (ಕೆಲಸದ ಮೇಲ್ವಿಚಾರಕಿ) ಹತ್ತಿರ ಹೇಳಿದ್ದೇವೆ, ಕರೆದಾಗ ಹೋಗುತ್ತೇವೆ" ಎಂಬಲ್ಲಿಗೆ ಮುಗಿಯುತ್ತದೆ. ಬಾಯಿಮಾತಿಗೆ 15 ದಿನದ ಲೆಕ್ಕ ಶುರುವಾಗುವುದೇ ಇಲ್ಲ. ಜಾಬ್ ಕಾರ್ಡಿನ ನಂಬರು, ಯಾವ ದಿನದಿಂದ ಕೆಲಸ ಬೇಕು, ಎಷ್ಟು ದಿನ, ಕನಿಷ್ಠ 14 ದಿನ ಒಟ್ಟಿಗೆ ಕೇಳುವುದು, ಇಷ್ಟನ್ನು ಕಾಗದದಲ್ಲಿ ಬರೆದು ಪಂಚಾಯತಿಗೆ ಕೊಟ್ಟು, ದಿನಾಂಕ ಹಾಕಿದ ರಶೀದಿ ಪಡೆಯಬೇಕು. ರಶೀದಿ ಕೊಡುವುದು ಅವರ ಕರ್ತವ್ಯ. ಹತ್ತು ಜನ ಒಟ್ಟಿಗೆ ಒಂದೇ ಅರ್ಜಿ ಕೊಟ್ಟರೂ ಆಗುತ್ತದೆ, ಹಾಗೆ ಕೊಟ್ಟರೆ ಮೇಜಿನ ಆಚೆಯವರಿಗೂ ತಳ್ಳಿಹಾಕಲಿಕ್ಕೆ ಕಷ್ಟ. ಮಳೆಗಾಲಕ್ಕೆ ಮೊದಲು, ಏಪ್ರಿಲ್ ಮೇಯಲ್ಲಿ ಕೊಡುವುದು ಒಳ್ಳೆಯದು.

ಕೆಲಸ ಕೊಟ್ಟಾಗ ಹೋಗದಿದ್ದರೆ ಭತ್ಯೆಯ ಹಕ್ಕು ಹೋಗುತ್ತದೆ. ಆ ಮನೆಗೆ ವರ್ಷದ 100 ದಿನ ಮುಗಿದಿದ್ದರೂ ಇಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ಈ ಕಾನೂನಿನ ಜಾಗಕ್ಕೆ ಹೊಸದನ್ನು ಒಪ್ಪಿದೆ, ದಿನ 125 ಆಗಿದೆ. 15 ದಿನದಲ್ಲಿ ಕೆಲಸ ಸಿಗದಿದ್ದರೆ ಭತ್ಯೆ ಎಂಬುದು ಅದರಲ್ಲೂ ಉಳಿದಿದೆ. ಆದ ಕಾರಣ ದಿನಾಂಕದ ರಶೀದಿ ಮುಂದೆಯೂ ಬೇಕು. ಕಾಸರಗೋಡು, ಕಾಞಂಗಾಡು, ನೀಲೇಶ್ವರ ನಗರಸಭೆಯೊಳಗೆ ಇರುವವರಿಗೆ ಈ ಕಾನೂನು ಇಲ್ಲ, ಅವರಿಗೆ ರಾಜ್ಯದ ಅಯ್ಯನ್‌ಕಾಳಿ ನಗರ ಉದ್ಯೋಗ ಖಾತರಿ ಯೋಜನೆ ಇರುವುದು.

ಉತ್ತರ: ಅರ್ಜಿಮೇಜು

ಕುಂಬಳೆಯವರು ಹೇಳಿದ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು, ಮಲಯಾಳ ಬರುವುದಿಲ್ಲ ಎಂದು ಆ ಅಮ್ಮಂದಿರು ಹಿಂಜರಿಯುವುದು ಬೇಡ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನಲ್ಲಿ ಇಲ್ಲಿಯ ಕನ್ನಡ ಅಲ್ಪಸಂಖ್ಯಾತರು ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶ ಇದೆ. ಮಲಯಾಳದ ಅಚ್ಚಾದ ಫಾರ್ಮೇ ಬೇಕು ಎಂದರೆ ಅದರಲ್ಲಿ ಹೆಸರು, ನಂಬರು ತುಂಬಿಸಿ, ವಿಷಯವನ್ನು ಕನ್ನಡದಲ್ಲಿ ಬೇರೆ ಹಾಳೆಯಲ್ಲಿ ಬರೆದು ಪಿನ್ ಮಾಡಿ ಕೊಡಿ. ಅರ್ಥವಾಗದ ಫಾರ್ಮಿಗೆ ಬೇರೆಯವರು ತುಂಬಿಸಿದ್ದನ್ನು ನಂಬಿ ಹೆಬ್ಬೆಟ್ಟು ಒತ್ತುವುದರಿಂದ ಆದಾಯದ ಅಂಕಣದಲ್ಲಿ ತಪ್ಪು ಮೊತ್ತ ಕೂತದ್ದು ಬಹಳ ಉಂಟು.

ವಾಚನಾಲಯದವರು ಈ ಆದಿತ್ಯವಾರ ಮೊದಲು ಆ ಕಾಂಟ್ರಾಕ್ಟ್ ಕೆಲಸದವರನ್ನು ಕೂರಿಸಿ ಇಎಸ್‌ಐ ಪೋರ್ಟಲ್ ತೆರೆಯಿರಿ, ಅವರದ್ದಕ್ಕೆ ದಿನದ ಲೆಕ್ಕ ಓಡುತ್ತಿದೆ. ದುಬೈಯವರ ಮನೆಗೆ ಇವತ್ತು ರಾತ್ರಿಯೇ ಫೋನ್ ಮಾಡಿ.